ಹಾರ್ಡ್ ಡಿಸ್ಕ್ ಬಿಚ್ಚುವ ಮೊದಲು ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ಕೆಟ್ಟುಹೋದ ಹಾರ್ಡ್ ಡಿಸ್ಕ್‌ನಿಂದ ಡೇಟಾ ತೆಗೆದುಕೊಡಲು ಎಷ್ಟಾಗುತ್ತದೆ ಎಂದು ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ವಿಚಾರಿಸಿ ನೋಡಿ. ಅಂಗಡಿಗೊಂದು ರೇಟು. ಯಾಕೆ ಅಷ್ಟು ಎಂದು ಕೇಳಿದರೆ ಹೇಳುವವರಿಲ್ಲ.

ನಮ್ಮ ಡಿಸ್ಕ್‌ನಲ್ಲಿ ತಂಗಿಯ ಮದುವೆ ಫೋಟೋಗಳ ಜೊತೆಗೆ ಅಜ್ಜಿ ಹೇಳಿದ ಸೋಬಾನೆ ಪದಗಳಿದ್ದವು. ಫೋಟೋ ಸ್ಟುಡಿಯೋದವರ ಹತ್ತಿರವಾದರೂ ಸಿಗಬಹುದು, ಆದರೆ ಅಜ್ಜಿ ಈಗಿಲ್ಲ, ಆ ಪದಗಳು ಬೇರೆಲ್ಲೂ ಇಲ್ಲ. ಡಿಸ್ಕ್ ಟಕ್ ಟಕ್ ಎನ್ನತೊಡಗಿದಾಗ ಮೈಸೂರಿನ ಒಂದು ಅಂಗಡಿಗೆ ಕೊಟ್ಟೆವು. ಮೊದಲು 4,000 ರೂಪಾಯಿ ಎಂದರು. ಆಮೇಲೆ ಫೋನ್ ಮಾಡಿ, ‘ಬಿಚ್ಚಿ ನೋಡಿದೆವು ಸಾರ್, ಇಲ್ಲಿ ಆಗಲ್ಲ, ಬೆಂಗಳೂರಿಗೆ ಕಳಿಸಬೇಕು, 28,000 ಆಗುತ್ತೆ’ ಎಂದರು. ಬಿಚ್ಚಬಹುದಾ ಎಂದು ನಮ್ಮನ್ನು ಕೇಳಲೇ ಇಲ್ಲ. ರಸೀದಿಯನ್ನೂ ಕೊಡಲಿಲ್ಲ.

ದುಡ್ಡು ಜಾಸ್ತಿ ಎಂಬುದಲ್ಲ ನನ್ನ ತಕರಾರು. ಆ ಟಕ್ ಟಕ್ ಸದ್ದು ಬಂದರೆ ಸಾಮಾನ್ಯವಾಗಿ ಒಳಗಿನ ಹೆಡ್, ಅಂದರೆ ಡೇಟಾ ಓದುವ, ಬರೆಯುವ ಭಾಗ, ಕೆಟ್ಟಿರುತ್ತದೆ. ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 5,400 ಇಲ್ಲವೇ 7,200 ಸುತ್ತು ತಿರುಗುತ್ತದೆ, ಹೆಡ್ ಅದಕ್ಕೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಕಣ್ಣಿಗೆ ಕಾಣದ ಧೂಳು ಕೂಡ ಆ ಸಂದಿಗಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೇ ಡಿಸ್ಕನ್ನು ಕ್ಲೀನ್ ರೂಮಿನಲ್ಲೇ, ಅಂದರೆ ಗಾಳಿಯನ್ನು ಸೋಸಿ ಧೂಳು ತೆಗೆದ ಕೋಣೆಯಲ್ಲೇ, ಬಿಚ್ಚಬೇಕು, ಹೊಂದುವ ಇನ್ನೊಂದು ಡಿಸ್ಕ್ ಹುಡುಕಿ ತಂದು ಅದರ ಹೆಡ್ ಹಾಕಬೇಕು. ಅಷ್ಟು ಕೆಲಸಕ್ಕೆ ಅಷ್ಟು ದುಡ್ಡು ಕೇಳುವುದು ನ್ಯಾಯವೇ. ಆದರೆ ಅಂಗಡಿಯ ಟೇಬಲ್ ಮೇಲೆ, ಫ್ಯಾನ್ ಕೆಳಗೆ, ಸುಮ್ನೆ ನೋಡೋಣ ಎಂದು ಬಿಚ್ಚಿದರೆ ಸಿಗಬಹುದಾಗಿದ್ದ ಡೇಟಾನೂ ಹೋಗಬಹುದು, ಅಲ್ವಾ? ತಮ್ಮಿಂದ ಆಗದ ಕೆಲಸ ಎಂದು ಸದ್ದು ಕೇಳಿದಾಗಲೇ ಹೇಳಿ ವಾಪಸ್ ಕೊಟ್ಟಿದ್ದರೆ ನಾನು ಕೈ ಮುಗಿಯುತ್ತಿದ್ದೆ.

ಇನ್ನು ಎಷ್ಟೋ ಡಿಸ್ಕ್‌ಗಳಿಗೆ ಇಷ್ಟೆಲ್ಲಾ ಖರ್ಚೇ ಬೇಕಿಲ್ಲ. ಕೆಲವು ಸಲ ಕೆಟ್ಟಿರುವುದು ಕೇಬಲ್ ಅಥವಾ ಹೊರಗಿನ ಡಬ್ಬಿಯ ಸಣ್ಣ ಬೋರ್ಡ್ ಮಾತ್ರ. ಫೈಲ್ ಅಳಿಸಿಹೋಗಿದ್ದರೆ, ಪಾರ್ಟಿಷನ್ (ಡಿಸ್ಕ್ ಒಳಗಿನ ವಿಭಾಗ) ಕಾಣದಿದ್ದರೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಪೂರ್ತಿ ಉಚಿತ ಸಾಫ್ಟ್‌ವೇರ್‌ಗಳಿವೆ. ಸೆಕ್ಟರ್ (ಡೇಟಾ ಕೂರುವ ಸಣ್ಣ ಸಣ್ಣ ಜಾಗ) ಹಾಳಾಗುತ್ತಿರುವ ಡಿಸ್ಕ್ ಆದರೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಬಳಸಿ ಮೊದಲು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿಕೊಂಡು, ಹುಡುಕಾಟವನ್ನೆಲ್ಲ ಆ ನಕಲಿನಲ್ಲೇ ಮಾಡಬೇಕು. ಕೆಟ್ಟ ಡಿಸ್ಕ್‌ಗೇ ಏನನ್ನೂ ಬರೆಯಬಾರದು, ವಿಂಡೋಸ್‌ನಲ್ಲಿ ಡಿಸ್ಕ್ ದೋಷ ಸರಿಮಾಡಲು ಇರುವ ಚೆಕ್‌ಡಿಸ್ಕ್ ಓಡಿಸಲೂಬಾರದು. ಸದ್ದು ಬರುತ್ತಿದ್ದರೆ ಕರೆಂಟ್ ಕೊಡುವುದನ್ನೇ ನಿಲ್ಲಿಸಬೇಕು. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂದು ಈಗಲೂ ಹೇಳುವವರಿದ್ದಾರೆ, ದಯವಿಟ್ಟು ಅದನ್ನು ನಂಬಬೇಡಿ, ಒಳಗೆ ತೇವ ಕಟ್ಟಿ ಇನ್ನಷ್ಟು ಹಾಳಾಗುತ್ತದೆ. ವಾರಂಟಿ ಇದೆ ಎಂದು ಸುಮ್ಮನಿರುವವರಿಗೂ ಒಂದು ಮಾತು: ಸಾಮಾನ್ಯವಾಗಿ ವಾರಂಟಿಯಲ್ಲಿ ಬದಲಿ ಡಿಸ್ಕ್ ಸಿಗುತ್ತದೆ, ಡೇಟಾ ಸಿಗುವುದಿಲ್ಲ.

ಅಂಗಡಿಯವರು ಚೀಟಿಯಲ್ಲಿ ಬರೆದುಕೊಡಲಿ. ಏನು ಕೆಟ್ಟಿದೆ, ಬಿಚ್ಚುತ್ತಾರಾ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು, ಇಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ನಂಬಿ ಕೊಟ್ಟ ಖಾಸಗಿ ಮಾಹಿತಿಯನ್ನು ಬೇರೆಯವರಿಗೆ ಕೊಡುವುದೂ ಅದೇ ಪಟ್ಟಿಯಲ್ಲಿದೆ. ಮನೆ ಹೆಣ್ಣುಮಕ್ಕಳ ಫೋಟೋ, ಬ್ಯಾಂಕ್ ಕಾಗದ ಎಲ್ಲಾ ಇರುವ ಡಿಸ್ಕ್ ಕೊಡುವವರಿಗೆ ಇದು ಸಣ್ಣ ವಿಷಯವಲ್ಲ. ತೊಂದರೆಯಾದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ನಮ್ಮ ಕಡೆ ಇಂಜಿನಿಯರಿಂಗ್ ಕಾಲೇಜುಗಳಿಗೇನು ಬರವಿಲ್ಲ. ಮೈಸೂರಿನ ಎನ್‌ಐಇ, ಮಂಡ್ಯದ ಪಿಇಎಸ್ ಥರದ ಕಾಲೇಜುಗಳ ಕಂಪ್ಯೂಟರ್ ವಿಭಾಗದವರು ತಿಂಗಳಿಗೊಂದು ದಿನ ಕೂತು, ಜನ ತಂದ ಡಿಸ್ಕ್ ಪರೀಕ್ಷಿಸಿ, ಇದು ಸಾಫ್ಟ್‌ವೇರಿನಲ್ಲಿ ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳಿದರೆ ಸಾಕು. ಡಿಸ್ಕ್‌ನ ಯಜಮಾನರ ಎದುರಿಗೇ ಮಾಡಲಿ, ಯಾವುದನ್ನೂ ಬಿಚ್ಚದಿರಲಿ. ಸಣ್ಣ ಶುಲ್ಕ ಇಟ್ಟರೂ ಜನ ಕೊಡುತ್ತಾರೆ. ಯಾವ ಕಾಲೇಜಿನವರಾದರೂ ಒಪ್ಪಿದರೆ ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಆ ದಿನಾಂಕ ಹಾಕಿ.

– ನಿಮ್ಮ ಓದುಗ, ಮಂಡ್ಯ