ಗೆಳೆಯನಿಗೊಂದು ಪತ್ರ: ವಕೀಲ ಥ್ಯಾಡಿಯಸ್ ಸ್ಟೀವನ್ಸ್ ಅವರ ಕುರಿತು

ಪ್ರಿಯ ಮಿತ್ರ,

ನಮಸ್ಕಾರ. ಅಮೆರಿಕದಲ್ಲಿ ಗುಲಾಮಗಿರಿ ಅಳಿದ ಕಥೆಯನ್ನು ಯಾರೇ ಹೇಳಲಿ, ಅದು ಅಬ್ರಹಾಂ ಲಿಂಕನ್ ಅವರಲ್ಲಿಗೇ ಬಂದು ನಿಂತುಬಿಡುತ್ತದೆ ಎಂದು ನೀನು ಬರೆದಿದ್ದೆ. ನಿಜ. ಆದರೆ ಲಿಂಕನ್ ಹತ್ಯೆಯಾದ ಮೇಲೆ, ಬಿಡುಗಡೆ ಹೊಂದಿದವರಿಗೆ ಪೌರತ್ವ ಬೇಕು, ಮತ ಬೇಕು, ಉಳಲು ಸ್ವಂತ ನೆಲ ಬೇಕು ಎಂದು ಅಲ್ಲಿನ ಪ್ರತಿನಿಧಿ ಸಭೆಯಲ್ಲಿ ಹಟ ಹಿಡಿದು ಕುಳಿತವರು ಪೆನ್ಸಿಲ್ವೇನಿಯಾದ ವಕೀಲರಾದ ಥ್ಯಾಡಿಯಸ್ ಸ್ಟೀವನ್ಸ್. ನನ್ನ ಎಣಿಕೆಯಲ್ಲಿ ಆ ಕಾಲದ ಶಾಸನಕರ್ತರ ಪೈಕಿ ಅವರಷ್ಟು ದೂರ ನೋಡಿದವರು ಬೇರೆ ಇಲ್ಲ. ಆದ್ದರಿಂದ ಈ ಪತ್ರವನ್ನು ಪೂರ್ತಿ ಅವರಿಗೇ ಮೀಸಲಿಡುತ್ತಿದ್ದೇನೆ.

ಅವರು ಹುಟ್ಟಿದ್ದು 1792ರ ಏಪ್ರಿಲ್ 4ರಂದು, ವರ್ಮಾಂಟ್‌ನ ಡ್ಯಾನ್‌ವಿಲ್ ಎಂಬ ಊರಿನಲ್ಲಿ. ಹುಟ್ಟುವಾಗಲೇ ಒಂದು ಪಾದ ತಿರುಚಿತ್ತು. ತಂದೆ ಸಂಸಾರವನ್ನು ಬಿಟ್ಟು ಹೋದ ಮೇಲೆ ತಾಯಿ ಸಾರಾ ಒಬ್ಬರೇ ದುಡಿದು ಮಕ್ಕಳನ್ನು ಸಾಕಿದರು, ಈ ಮಗನನ್ನು ಓದಿಸಿದರು. 1814ರಲ್ಲಿ ಡಾರ್ಟ್‌ಮತ್ ಕಾಲೇಜಿನಿಂದ ಹೊರಬಂದ ಸ್ಟೀವನ್ಸ್, ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ಶಾಲಾ ಉಪಾಧ್ಯಾಯರಾಗಿದ್ದುಕೊಂಡು ಕಾನೂನು ಓದಿ, 1816ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲಿ ವೃತ್ತಿ ಆರಂಭಿಸಿದರು. ಮುಂದೆ ಕೈಯಲ್ಲಿ ಹಣವಾದಾಗ ತಾಯಿಗೆ ಹಸುಗಳ ಸಮೇತ ಒಂದು ಜಮೀನನ್ನು ಕೊಂಡುಕೊಟ್ಟರು. ತಮ್ಮ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಸಂತೋಷವಿಲ್ಲವೆಂದು ಹೇಳುತ್ತಿದ್ದರು.

ವಕೀಲನಾದ ನೀನು ಗಮನಿಸಬೇಕಾದ ಮೊಕದ್ದಮೆಯೊಂದು ಅವರ ವೃತ್ತಿಯ ಆರಂಭದಲ್ಲೇ ಇದೆ, ಮತ್ತು ಅದು ಅವರ ಕೀರ್ತಿಗೆ ಒಪ್ಪುವಂಥದ್ದಲ್ಲ. ಪೆನ್ಸಿಲ್ವೇನಿಯಾದ 1780ರ ಕಾನೂನಿನ ಪ್ರಕಾರ, ಹೊರ ರಾಜ್ಯದ ಒಡೆಯನು ಕರೆತಂದ ಗುಲಾಮರು ಅಲ್ಲಿ ಆರು ತಿಂಗಳು ನೆಲೆಸಿದರೆ ಸ್ವತಂತ್ರರಾಗುತ್ತಿದ್ದರು. ಮೇರಿಲ್ಯಾಂಡ್‌ನ ಚಾರಿಟಿ ಬಟ್ಲರ್ ಎಂಬ ಹೆಣ್ಣುಮಗಳು ಈ ಕಾನೂನನ್ನೇ ನಂಬಿ ತನಗೂ ತನ್ನ ಮಕ್ಕಳಿಗೂ ಬಿಡುಗಡೆ ಬೇಕೆಂದು ನ್ಯಾಯಾಲಯಕ್ಕೆ ಹೋದಳು. ಒಡೆಯನ ಪರವಾಗಿ ನಿಂತ ಸ್ಟೀವನ್ಸ್, ಆರು ತಿಂಗಳೆಂದರೆ ಎಡೆಬಿಡದ ಆರು ತಿಂಗಳು, ಬಂದು ಹೋದ ದಿನಗಳನ್ನು ಒಂದಕ್ಕೊಂದು ಕೂಡಿಸುವಂತಿಲ್ಲ ಎಂದು ವಾದಿಸಿದರು. 1821ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಎತ್ತಿಹಿಡಿಯಿತು. ತಾಯಿ ಮಕ್ಕಳು ಗುಲಾಮಗಿರಿಯಲ್ಲೇ ಉಳಿದರು. ಎರಡು ವರ್ಷಗಳ ಬಳಿಕ ಸ್ವಾತಂತ್ರ್ಯೋತ್ಸವದ ಔತಣದಲ್ಲಿ ಅದೇ ವಕೀಲರು ಎದ್ದುನಿಂತು, ಯಾವ ಮನುಷ್ಯನಿಗೂ ಸಂಕೋಲೆ ತೊಡಿಸದವರು ದೇಶದ ಮುಂದಿನ ಅಧ್ಯಕ್ಷರಾಗಲಿ ಎಂದು ಹಾರೈಸಿದರು. ನಡುವೆ ಅವರ ಮನಸ್ಸಿನಲ್ಲಿ ನಡೆದದ್ದನ್ನು ಊಹಿಸಲು ನಾನು ಹೋಗುವುದಿಲ್ಲ. ಆದರೆ ಮುಂದೆ ಅವರು ಓಡಿಬಂದ ಗುಲಾಮರ ಪರವಾಗಿ ವಕಾಲತ್ತು ವಹಿಸಿದಾಗಲೆಲ್ಲ ನನಗೆ ಚಾರಿಟಿ ಬಟ್ಲರ್ ನೆನಪಾಗುತ್ತಾಳೆ. ಗೆದ್ದ ಆ ಮೊಕದ್ದಮೆಯನ್ನು ಅವರ ಚರಿತ್ರೆಯಿಂದ ಅಳಿಸಬಾರದು ಎಂಬುದು ನನ್ನ ನಿಲುವು.

ರಾಜ್ಯದ ಶಾಸನಸಭೆಯನ್ನು ಅವರು ಸೇರಿದ್ದು 1833ರಲ್ಲಿ. ಮರುವರ್ಷ ಜಾರಿಗೆ ಬಂದ ಉಚಿತ ಶಾಲೆಗಳ ಕಾನೂನನ್ನು, ತೆರಿಗೆಯ ಹೊರೆಗೆ ಸಿಡಿಮಿಡಿಗೊಂಡವರು ರದ್ದುಪಡಿಸಲು ಹೊರಟಿದ್ದರು. ಬಡವರ ಮಕ್ಕಳಿಗೆ ವಿದ್ಯೆ ಭಿಕ್ಷೆಯಾಗಿ ಸಿಗಬಾರದೆಂದು 1835ರ ಏಪ್ರಿಲ್‌ನಲ್ಲಿ ಸ್ಟೀವನ್ಸ್ ಮಾಡಿದ ಭಾಷಣದ ನಂತರ ಸದನ ಮನಸ್ಸು ಬದಲಿಸಿತು, ಕಾನೂನು ಉಳಿಯಿತು. ಇದಾದ ಕೆಲವೇ ವರ್ಷಗಳಲ್ಲಿ ರಾಜ್ಯದ ಹೊಸ ಸಂವಿಧಾನವು ಬಿಳಿಯ ಗಂಡಸರಿಗಷ್ಟೇ ಮತದಾನದ ಹಕ್ಕು ಕೊಟ್ಟಾಗ, ಅದನ್ನು ರಚಿಸಿದ ಸಮಾವೇಶದ ಸದಸ್ಯರಾಗಿದ್ದರೂ ಅವರು ಸಹಿ ಹಾಕಲಿಲ್ಲ.

1842ರಲ್ಲಿ ಲ್ಯಾಂಕಾಸ್ಟರ್‌ಗೆ ಬಂದು ನೆಲೆಸಿದರು. ಒಂಬತ್ತು ವರ್ಷಗಳ ಬಳಿಕ ಅದೇ ಜಿಲ್ಲೆಯ ಕ್ರಿಸ್ಟಿಯಾನಾ ಎಂಬಲ್ಲಿ, ಓಡಿಬಂದವರನ್ನು ಹಿಡಿಯಲು ಬಂದ ಮೇರಿಲ್ಯಾಂಡ್‌ನ ಒಡೆಯನೊಬ್ಬ ಕಪ್ಪು ಜನರ ಪ್ರತಿರೋಧಕ್ಕೆ ಸಿಕ್ಕಿ ಸತ್ತನು. ಸರ್ಕಾರ 38 ಮಂದಿಯ ಮೇಲೆ ರಾಜದ್ರೋಹದ ಆರೋಪ ಹೊರಿಸಿತು. ಮೊದಲು ವಿಚಾರಣೆಗೆ ನಿಂತವರು ಕ್ಯಾಸ್ಟ್ನರ್ ಹ್ಯಾನ್‌ವೇ ಎಂಬ ಬಿಳಿಯ ಗಿರಣಿಗಾರ. ಹಿಡಿಯಲು ಬಂದವರಿಗೆ ನೆರವಾಗಲು ಒಪ್ಪದಿದ್ದುದೇ ಅವರ ಮೇಲಿನ ದೂರಿನ ತಿರುಳು. ಸ್ಟೀವನ್ಸ್ ಪ್ರತಿವಾದಿ ವಕೀಲರಲ್ಲಿ ಒಬ್ಬರು. ಜ್ಯೂರಿ 15 ನಿಮಿಷಗಳಲ್ಲಿ ಹ್ಯಾನ್‌ವೇ ನಿರ್ದೋಷಿ ಎಂದಿತು, ಉಳಿದವರ ಮೇಲಿನ ರಾಜದ್ರೋಹದ ಆರೋಪವೂ ನಿಲ್ಲಲಿಲ್ಲ.

ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ ರಾಜ್ಯಗಳಿಗೂ ಉತ್ತರಕ್ಕೂ ನಡೆದ ಅಂತರ್ಯುದ್ಧದ ವರ್ಷಗಳಲ್ಲಿ ಅವರು ಪ್ರತಿನಿಧಿ ಸಭೆಯ ಹಣಕಾಸು ಸಮಿತಿಯ ಅಧ್ಯಕ್ಷರು. ಯುದ್ಧದ ಖರ್ಚನ್ನು ಹೊಂದಿಸಿದವರಲ್ಲಿ ಅವರು ಪ್ರಮುಖರು. 1863ರಲ್ಲಿ ದಕ್ಷಿಣದ ಸೈನ್ಯ ಅವರ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿತು. ಯುದ್ಧ ಮುಗಿದಾಗ ಅವರಿಗೆ 73 ವರ್ಷ. ಅವರ ನಿಜವಾದ ಕೆಲಸ ಶುರುವಾದದ್ದು ಆಗ.

ಸೋತ ದಕ್ಷಿಣದ ರಾಜ್ಯಗಳನ್ನು ಮತ್ತೆ ಒಕ್ಕೂಟಕ್ಕೆ ಸೇರಿಸಿಕೊಳ್ಳುವ ‘ಪುನರ್ನಿರ್ಮಾಣ’ಕ್ಕೆಂದು ಎರಡೂ ಸದನಗಳು ರಚಿಸಿದ ಜಂಟಿ ಸಮಿತಿಯಲ್ಲಿ ಅವರು ಮುಂಚೂಣಿಯಲ್ಲಿ ನಿಂತು ಸಂವಿಧಾನದ 14ನೇ ತಿದ್ದುಪಡಿಯನ್ನು ಸಭೆಯಲ್ಲಿ ದಾಟಿಸಿದರು. ಆ ನೆಲದಲ್ಲಿ ಹುಟ್ಟಿದವರು ಪೌರರು, ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನ ಎಂದು ಸಾರುವ ಈ ತಿದ್ದುಪಡಿಯ ಆಧಾರದಿಂದಲೇ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಕನ್ನಡಿಗರ ಮಕ್ಕಳೂ ಹುಟ್ಟಿನಿಂದಲೇ ಪೌರತ್ವ ಪಡೆಯುತ್ತ ಬಂದಿದ್ದಾರೆ. ಆದರೆ ಕಪ್ಪು ಜನರಿಗೆ ಮತದಾನದ ಹಕ್ಕನ್ನು ಅದು ನೇರವಾಗಿ ಕೊಡಲಿಲ್ಲ. 1866ರ ಜೂನ್ 13ರಂದು, 120ಕ್ಕೆ 32 ಮತಗಳಿಂದ ಅದು ಅಂಗೀಕಾರವಾದ ದಿನ, ಸ್ಟೀವನ್ಸ್ ತಮ್ಮ ನಿರಾಸೆಯನ್ನು ಮುಚ್ಚಿಡಲಿಲ್ಲ. ಇಷ್ಟು ಅಪೂರ್ಣವಾದುದನ್ನು ಏಕೆ ಒಪ್ಪುತ್ತಿದ್ದೀರಿ ಎಂದು ಕೇಳಿದರೆ, ತಾವು ಬದುಕುತ್ತಿರುವುದು ದೇವದೂತರ ನಡುವೆ ಅಲ್ಲ, ಮನುಷ್ಯರ ನಡುವೆ ಎಂಬುದೇ ತಮ್ಮ ಉತ್ತರ ಎಂದರು. ಅವರನ್ನು ಕೇವಲ ಸೇಡಿನ ಮನುಷ್ಯನೆಂದು ಚಿತ್ರಿಸಿದ ಇತಿಹಾಸಕಾರರು ಈ ಮಾತಿನ ಮುಂದೆ ಕೊಂಚ ನಿಲ್ಲಬೇಕಿತ್ತು.

ಅವರು ಸೋತದ್ದು ನೆಲದ ವಿಷಯದಲ್ಲಿ. ದಕ್ಷಿಣದ ಸುಮಾರು 70,000 ದೊಡ್ಡ ಭೂಮಾಲೀಕರ ಜಮೀನನ್ನು ಮುಟ್ಟುಗೋಲು ಹಾಕಿಕೊಂಡು, ಬಿಡುಗಡೆಯಾದ ಪ್ರತಿಯೊಬ್ಬ ವಯಸ್ಕ ಪುರುಷನಿಗೆ 40 ಎಕರೆ ಹಂಚಬೇಕೆಂದು 1865ರ ಸೆಪ್ಟೆಂಬರ್‌ನಲ್ಲಿ ಲ್ಯಾಂಕಾಸ್ಟರ್‌ನಲ್ಲೇ ಹೇಳಿದ್ದರು. 1867ರಲ್ಲಿ ಮಸೂದೆಯನ್ನೂ ತಂದರು. ಸ್ವಂತ ಪಕ್ಷದವರೇ ಬೆಂಬಲಿಸಲಿಲ್ಲ; ಒಡೆತನದ ಹಕ್ಕನ್ನು ಮುಟ್ಟಲು ಉತ್ತರದವರಿಗೂ ಅಳುಕಿತ್ತು. ಮತವಿದ್ದು ನೆಲವಿಲ್ಲದವನು ಹಳೆಯ ಒಡೆಯನ ಹೊಲಕ್ಕೇ ಮರಳಬೇಕಾಗುತ್ತದೆ ಎಂಬ ಅವರ ಆತಂಕ, ಮುಂದೆ ಪಾಲುಗಾರಿಕೆಯ, ಅಂದರೆ ಬೆಳೆಯ ಪಾಲು ಕೊಟ್ಟು ಇನ್ನೊಬ್ಬರ ಹೊಲ ಉಳುವ ಪದ್ಧತಿಯ, ಸಾಲದಲ್ಲಿ ಸಿಕ್ಕಿಬಿದ್ದ ಲಕ್ಷಾಂತರ ಕುಟುಂಬಗಳಲ್ಲಿ ನಿಜವಾಯಿತು.

ಲಿಂಕನ್ ನಂತರ ಅಧ್ಯಕ್ಷರಾದ ಆಂಡ್ರ್ಯೂ ಜಾನ್ಸನ್ ಅವರನ್ನು ಪದವಿಯಿಂದ ಇಳಿಸಲು ಹೂಡಿದ ಮಹಾಭಿಯೋಗ 1868ರಲ್ಲಿ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಂದೇ ಮತದ ಕೊರತೆಯಿಂದ ಬಿದ್ದುಹೋಯಿತು. ಅಭಿಯೋಜಕರಲ್ಲೊಬ್ಬರಾದ ಸ್ಟೀವನ್ಸ್ ಅವರನ್ನು ಆಗ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಿತ್ತು. ಆಗಸ್ಟ್ 11ರಂದು ಅವರು ತೀರಿಕೊಂಡರು. ಬಣ್ಣ ನೋಡಿ ಹೆಣ ಹೂಳುವ ಸ್ಮಶಾನಗಳನ್ನು ಬಿಟ್ಟು, ಎಲ್ಲರಿಗೂ ತೆರೆದಿದ್ದ ಲ್ಯಾಂಕಾಸ್ಟರ್‌ನ ಒಂದು ಚಿಕ್ಕ ಸ್ಮಶಾನವನ್ನು ಮೊದಲೇ ಆರಿಸಿಕೊಂಡಿದ್ದರು. ಆ ಕಾರಣವನ್ನು ಸಮಾಧಿಯ ಕಲ್ಲಿನ ಮೇಲೂ ಬರೆಸಿದರು. ಉಯಿಲಿನಲ್ಲಿ ಅನಾಥ ಮಕ್ಕಳ ಶಾಲೆಗೆಂದು 50,000 ಡಾಲರ್ ಮೀಸಲಿಟ್ಟು, ಬಣ್ಣದ ಭೇದವಿಲ್ಲದೆ ಎಲ್ಲರಿಗೂ ಒಂದೇ ತರಗತಿಯಲ್ಲಿ ಪಾಠ, ಒಂದೇ ಮೇಜಿನಲ್ಲಿ ಊಟ ಎಂದು ವಿಧಿಸಿದ್ದರು. ಪಂಕ್ತಿಭೇದವನ್ನು ಕಣ್ಣಾರೆ ಕಂಡ ನಮ್ಮಂಥವರಿಗೆ ಆ ಊಟದ ಮಾತಿನ ತೂಕ ತಿಳಿಯುತ್ತದೆ. ಅವರ ಹೆಸರಿನ ತಾಂತ್ರಿಕ ಕಾಲೇಜು ಲ್ಯಾಂಕಾಸ್ಟರ್‌ನಲ್ಲಿ ಇಂದಿಗೂ ನಡೆಯುತ್ತಿದೆ.

ಇತಿ,
ನಿನ್ನ ಗೆಳೆಯ