ಬಾಯಿತಪ್ಪುವ ಭಯ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ತನ್ನನ್ನು ‘ಹಿ’ ಎಂದೂ ‘ಶಿ’ ಎಂದೂ ಅನ್ನದೆ ‘ದೇ’ ಎನ್ನಿರೆಂದು ಕೇಳಿಕೊಂಡ ಸಹೋದ್ಯೋಗಿಯ ಎದುರು ಎಲ್ಲಿ ಬಾಯಿತಪ್ಪಿ ನೋಯಿಸಿಬಿಡುತ್ತೇನೋ ಎಂಬ ಭಯಕ್ಕೆ, ಅವರ ಹೆಸರೆತ್ತುವುದನ್ನೇ ಬಿಟ್ಟಿದ್ದೇನೆ ಎಂದು ನೀನು ಬರೆದಿರುವ ಸಾಲು ಎರಡು ದಿನಗಳಿಂದ ನನ್ನನ್ನು ಕಾಡುತ್ತಿದೆ.

ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗಿ ಬರೆದ ‘ಎವ್ರಿಒನ್ ಮಸ್ಟ್ ಬ್ರಿಂಗ್ ದೇರ್ ಬುಕ್’ ಎಂಬ ವಾಕ್ಯದಲ್ಲಿ ‘ದೇರ್’ ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ‘ಹಿಸ್’ ಎಂದು ತಿದ್ದಿದ್ದೆ. ‘ಇಲ್ಲಿರುವವರೆಲ್ಲ ಹುಡುಗಿಯರೇ ಅಲ್ಲವೇ ಸಾರ್?’ ಎಂದಳು. ವ್ಯಾಕರಣಕ್ಕೆ ಎದುರು ಮಾತಾಡಬೇಡವೆಂದು ಗದರಿಸಿ ಕೂರಿಸಿದೆ. ಆ ವರ್ಷವಿಡೀ ಅವಳು ಮತ್ತೆ ಕೈ ಎತ್ತಲಿಲ್ಲ. ಒಬ್ಬರಿಗೇ ‘ದೇ’ ಎನ್ನುವ ರೂಢಿ 14ನೆಯ ಶತಮಾನದಿಂದಲೂ ಇದೆಯೆಂದೂ, ‘ಹಿ’ ಎಂದರೆ ಹೆಂಗಸರೂ ಸೇರಿದರೆಂದು ಬ್ರಿಟಿಷ್ ಸಂಸತ್ತು 1850ರಲ್ಲಿ ಕಾಯಿದೆಯನ್ನೇ ಮಾಡಿತ್ತೆಂದೂ ನನಗೆ ತಿಳಿದದ್ದು ನಿವೃತ್ತಿಯ ನಂತರ. ಅಂದು ಅವಳ ಬಾಯಿ ಮುಚ್ಚಿಸಿದ ಹೆದರಿಕೆಯೇ ಈಗ ನಿನ್ನ ಬಾಯನ್ನೂ ಮುಚ್ಚಿಸಿದೆ.

ನಿನ್ನ ಭಯ ಸುಳ್ಳೆನ್ನಲಾರೆ. ಯಾರೋ ಕೊಡೆ ಮರೆತು ಹೋದರೆ ‘ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲಾ’ ಎಂದು ಸಲೀಸಾಗಿ ಹೇಳುವ ನಾಲಿಗೆ, ಮುಖ ಪರಿಚಯವಿರುವ, ಹೆಸರು ಗೊತ್ತಿರುವ ಒಬ್ಬರ ವಿಷಯ ಬಂದ ಕೂಡಲೇ ಎಡವುತ್ತದೆ. ಗುರುತಿರುವ ಒಬ್ಬರನ್ನೇ, ಅವರ ಇಚ್ಛೆಯಂತೆ, ‘ದೇ’ ಎನ್ನುವ ಈ ಬಳಕೆ ಅಷ್ಟು ಹೊಸದು. ಮೆರಿಯಮ್-ವೆಬ್‌ಸ್ಟರ್ ನಿಘಂಟು ಈ ಅರ್ಥವನ್ನು ಸೇರಿಸಿಕೊಂಡದ್ದೇ 2019ರಲ್ಲಿ. ಅದಕ್ಕೂ ಮುಂಚೆ, ಗಂಡಿಗೂ ಹೆಣ್ಣಿಗೂ ಸಲ್ಲಲೆಂದು ‘ಥಾನ್’ ಎಂಬ ಸರ್ವನಾಮವನ್ನೇ ಹೊಸದಾಗಿ ಕಟ್ಟಿ ನೋಡಿದ್ದರು. 1934ರಲ್ಲಿ ಅದೇ ನಿಘಂಟಿನ ಮನೆತನಕ್ಕೆ ಸೇರಿದ ಆ ಪದವನ್ನು 1961ರಲ್ಲಿ ಹೊರಗೆ ಹಾಕಿದರು. ಪಾಪ, ಯಾರ ನಾಲಿಗೆಗೂ ಅದು ಹತ್ತಲಿಲ್ಲ.

ಆದರೆ ಒಂದು ಮಾತು. ನಿನ್ನ ಪತ್ರವನ್ನು ಮತ್ತೆ ಓದಿದಾಗ ಗಮನಿಸಿದೆ: ಆ ಸಹೋದ್ಯೋಗಿಯನ್ನು ಮೊದಲಿನಿಂದ ಕೊನೆಯವರೆಗೂ ‘ಅವರು’ ಎಂದೇ ಬರೆದಿದ್ದೀಯೆ, ಒಮ್ಮೆಯೂ ತಪ್ಪಿಲ್ಲ. ಒಬ್ಬರಿಗೆ ಬಹುವಚನ ಹಚ್ಚುವುದು, ಗಂಡೋ ಹೆಣ್ಣೋ ಎಂದು ಹೇಳದೆ ಬಿಡುವುದು, ಎರಡೂ ನಿನಗೆ ಹುಟ್ಟಿನಿಂದಲೇ ರೂಢಿ.

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಬಾಯಿತಪ್ಪಿದರೆ ‘ಸಾರಿ, ದೇ’ ಎಂದಷ್ಟೇ ಹೇಳಿ ವಾಕ್ಯವನ್ನು ಮುಗಿಸಿಬಿಡು. ಕ್ಷಮೆಯನ್ನು ಉದ್ದ ಎಳೆದರೆ, ನಿನ್ನನ್ನು ಸಮಾಧಾನ ಮಾಡುವ ಕೆಲಸವೂ ಅವರ ಮೇಲೇ ಬೀಳುತ್ತದೆ. ಒಬ್ಬರೇ ಆದರೂ ‘ದೇ ಆರ್’ ಎನ್ನಬೇಕು, ‘ದೇ ಈಸ್’ ಅಲ್ಲ. ಮೇಷ್ಟ್ರ ಚಟ, ಹೇಳದೆ ಇರಲಾರೆ. ಒಬ್ಬಳೇ ಇದ್ದಾಗ ಅವರ ಬಗ್ಗೆ ನಾಲ್ಕು ವಾಕ್ಯ ಗಟ್ಟಿಯಾಗಿ ಹೇಳಿಕೊಂಡು ನೋಡು.

ನಾನೂ ಈಗಷ್ಟೇ ಹೇಳಿಕೊಂಡು ನೋಡಿದೆ. ಎರಡನೆಯ ವಾಕ್ಯದಲ್ಲೇ ‘ಹರ್’ ಎಂದುಬಿಟ್ಟೆ. ಖಾಲಿ ಕೋಣೆಗೆ ‘ಸಾರಿ, ದೇರ್’ ಎಂದು ಹೇಳಿ, ಮೂರನೆಯದಕ್ಕೆ ಹೋದೆ.

ಇಂತಿ,
ನಿನ್ನ ದೊಡ್ಡಪ್ಪ