ಇಂಜಿನ್ ನೋಡದೆ ಇನ್ನು ಡಿಕೋಡರ್ ಕೊಡುವುದಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಈ ತಿಂಗಳಿಂದ ನಮ್ಮ ಹಾಸನದ ಮಾದರಿ ರೈಲು ಅಂಗಡಿಯಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಡಿಕೋಡರ್ ಅಂದರೆ ಮಾದರಿ ಇಂಜಿನ್ ಒಳಗೆ ಕೂತು, ಕಂಟ್ರೋಲರ್‌ನ ಆಜ್ಞೆ ಕೇಳಿ ಮೋಟಾರ್, ಲೈಟ್, ಹಾರ್ನ್ ನಡೆಸುವ ಪುಟ್ಟ ಸರ್ಕ್ಯೂಟ್. "ಡಿಕೋಡರ್ ಸುಟ್ಟುಹೋಗಿದೆ, ಹೊಸದು ಕೊಡಿ" ಅಂದರೆ ಇನ್ನು ಸುಮ್ನೆ ಎತ್ತಿ ಕೊಡುವುದಿಲ್ಲ. ಮೊದಲು ಇಂಜಿನ್ ನಮ್ಮ ಟೇಬಲ್ ಮೇಲೆ ಬರಬೇಕು. ಪ್ರೋಗ್ರಾಮಿಂಗ್ ಟ್ರ್ಯಾಕ್ (ಡಿಕೋಡರ್‌ನ ಸೆಟ್ಟಿಂಗ್ ಓದಲು, ಬರೆಯಲು ಇರುವ ಹಳಿ) ಮೇಲಿಟ್ಟು ನಿಮ್ಮೆದುರೇ ಓದಿ ನೋಡುತ್ತೇವೆ. ನಿಜವಾಗಿ ಹೋಗಿದ್ದರೆ ಮಾತ್ರ ಹೊಸದು.

ವ್ಯಾಪಾರ ಕಮ್ಮಿಯಾಗುತ್ತದೆ, ಗೊತ್ತು. ಆದರೆ ಡಿಕೋಡರ್ ಹೊರದೇಶದಿಂದ ಬರುವ ಸಾಮಾನು. ಸುಂಕ, ಕೊರಿಯರ್ ಎಲ್ಲ ಸೇರಿ ಬೆಲೆ ಜಾಸ್ತಿ. ಚೆನ್ನಾಗಿರುವುದನ್ನೇ ಕಿತ್ತು ಮೂಲೆಗೆ ಹಾಕಿ, ಅದೇ ತೊಂದರೆ ಹೊಸದರಲ್ಲೂ ಬಂದಾಗ ಬೇಸರಪಟ್ಟು ಈ ಹವ್ಯಾಸವನ್ನೇ ಬಿಡುವವರನ್ನು ನೋಡಿ ನಮಗೆ ಸಂಕಟವಾಗುತ್ತದೆ.

ಮೊನ್ನೆ ಮೂಡಿಗೆರೆಯಿಂದ ಒಬ್ಬರು ಡಬ್ಲ್ಯೂಡಿಜಿ-4 ಡೀಸೆಲ್ ಇಂಜಿನ್ನಿನ ಮಾದರಿ ತಂದಿದ್ದರು. ಲೈಟ್ ಹತ್ತುತ್ತದೆ, ಹಾರ್ನ್ ಬಾರಿಸುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಮೋಟಾರ್ ಕಡೆಯ ಭಾಗ ಸುಟ್ಟಿದೆ ಅಂತ ಅವರ ಲೆಕ್ಕ. ಡಿಕೋಡರ್‌ನಲ್ಲಿ ಒಂದೊಂದು ಸೆಟ್ಟಿಂಗ್ ಕೂರುವ ಜಾಗಕ್ಕೆ ಸಿವಿ ಅನ್ನುತ್ತಾರೆ, ಒಂದೊಂದಕ್ಕೂ ಒಂದು ನಂಬರ್. ನಾವು ಸಿವಿ 19 ಓದಿದೆವು, ಎರಡು ಇಂಜಿನ್ ಒಟ್ಟಿಗೆ ಓಡಿಸುವಾಗಿನ ಜೋಡಿ ನಂಬರ್ ಇರುವ ಜಾಗ ಅದು. ಅಲ್ಲಿ ಸೊನ್ನೆ ಇರಬೇಕಿತ್ತು, 5 ಇತ್ತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ನಿಮಗೆಲ್ಲ ಗೊತ್ತೇ ಇದೆ. 55 ಕಿಲೋಮೀಟರ್, 57 ಸುರಂಗ, 50ಕ್ಕೆ 1ರ ಏರು. ಅಲ್ಲಿ ನಡೆಯುವ ಹಾಗೆ ಇವರೂ ಮನೆಯಲ್ಲಿ ಎರಡು ಇಂಜಿನ್ ಜೋಡಿಸಿ ಓಡಿಸಿದ್ದರು. ಆಮೇಲೆ ಕೈಯಿಂದ ಬೇರೆ ಮಾಡಿದರು, ಕಂಟ್ರೋಲರ್‌ನಲ್ಲಿ ಜೋಡಿ ಬಿಡಿಸಲಿಲ್ಲ. ಸಿವಿ 19ರಲ್ಲಿ ಜೋಡಿ ನಂಬರ್ ಉಳಿದಿದ್ದರೆ ಇಂಜಿನ್ ತನ್ನ ಸ್ವಂತ ನಂಬರಿಗೆ ಬರುವ ವೇಗದ ಆಜ್ಞೆಯನ್ನು ಕೇಳುವುದೇ ಇಲ್ಲ. ಲೈಟು, ಹಾರ್ನು ಮಾತ್ರ ಕೇಳುತ್ತವೆ. ಸೊನ್ನೆ ಬರೆದೆವು, ಹೊರಟಿತು. ಅವರು ಹೊಸ ಡಿಕೋಡರ್‌ಗೆ ಅಂತ ತಂದ ದುಡ್ಡಿನಲ್ಲಿ ಎರಡು ವ್ಯಾಗನ್ ಕೊಂಡು ಹೋದರು.

"ಓದಲು ಆಗುತ್ತಿಲ್ಲ ಅಂತ ಕಂಟ್ರೋಲರ್ ಹೇಳುತ್ತಿದೆ" ಅನ್ನುವ ದೂರು ಇನ್ನೊಂದು. ಪ್ರೋಗ್ರಾಮಿಂಗ್ ಟ್ರ್ಯಾಕ್‌ನಲ್ಲಿ ಡಿಕೋಡರ್ ಉತ್ತರ ಕೊಡುವ ರೀತಿ ಬಹಳ ಸರಳ. ಅಲ್ಲಿ ಇಂಥ ಅಂಕಿ ಇದೆಯೇ ಅಂತ ನಾವು ಕೇಳಿದ್ದು ಸರಿಯಿದ್ದರೆ ಅದು 6 ಮಿಲಿಸೆಕೆಂಡ್‌ನಷ್ಟು ಹೊತ್ತು 60 ಮಿಲಿಆಂಪ್ ಹೆಚ್ಚು ಕರೆಂಟ್ ಎಳೆಯುತ್ತದೆ, ಸಾಮಾನ್ಯವಾಗಿ ಮೋಟಾರ್ ಮೂಲಕ. ಫೋನಿನಲ್ಲಿ "ಹೂಂ" ಅಂದ ಹಾಗೆ. ಹತ್ತಿರದಿಂದ ನೋಡಿ, ಇಂಜಿನ್ ಒಂದು ಕೂದಲೆಳೆಯಷ್ಟು ಜರ್ಕ್ ಹೊಡೆಯುತ್ತದೆ. ಚಕ್ರ ಕೊಳೆಯಾಗಿದ್ದರೆ, ಮೋಟಾರ್ ವೈರ್ ಬಿಟ್ಟಿದ್ದರೆ ಆ "ಹೂಂ" ಕಂಟ್ರೋಲರ್‌ಗೆ ಕೇಳಿಸದು. ಮಲೆನಾಡಿನ ಮಳೆಗಾಲದಲ್ಲಂತೂ ಹಳಿ, ಚಕ್ರ ಎರಡೂ ಬೇಗ ಮಂಕಾಗುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಮೊದಲು ಒರೆಸಿ ನೋಡಿ. ಕೀಪ್-ಅಲೈವ್ ಕೆಪಾಸಿಟರ್ (ಹಳಿಯ ಕರೆಂಟ್ ಕ್ಷಣಕಾಲ ತಪ್ಪಿದರೂ ಇಂಜಿನ್ ನಿಲ್ಲದಂತೆ ನೋಡಿಕೊಳ್ಳುವ ಭಾಗ) ಇರುವ ಇಂಜಿನ್‌ಗಳೂ ಹೀಗೇ ಕಾಡುತ್ತವೆ. ಅಂಥದ್ದರಲ್ಲಿ ಕೆಪಾಸಿಟರ್ ಬಿಚ್ಚಿ ಓದಬೇಕಾಗಬಹುದು, ಅದನ್ನು ನಮಗೆ ಬಿಡಿ.

ಮಾದರಿಗೆ ನಿಜವಾದ ಇಂಜಿನ್ನಿನ ನಂಬರನ್ನೇ ಕೊಡುವಾಗ ಆಗುವ ಗಲಿಬಿಲಿಯೂ ಸಾಕಷ್ಟಿದೆ. ನಮ್ಮ ರೈಲ್ವೆಯ ಇಂಜಿನ್ ನಂಬರ್ ಐದಂಕಿ, ಎಷ್ಟೋ ಕಂಟ್ರೋಲರ್‌ಗಳು 9999 ದಾಟುವುದಿಲ್ಲ. ಹಾಗಾಗಿ ಕೊನೆಯ ನಾಲ್ಕಂಕಿ ಇಟ್ಟುಕೊಳ್ಳುತ್ತೇವೆ. 12114 ಅಂದುಕೊಳ್ಳಿ, 2114 ಬೇಕು. 2114ನ್ನು 256ರಿಂದ ಭಾಗಿಸಿದರೆ 8, ಉಳಿಕೆ 66. ದೊಡ್ಡ ನಂಬರ್ ಕೂರುವುದು ಸಿವಿ 17, 18ರಲ್ಲಿ. ಎಂಟಕ್ಕೆ 192 ಕೂಡಿಸಿ ಸಿವಿ 17ರಲ್ಲಿ 200, ಸಿವಿ 18ರಲ್ಲಿ 66. ಇಷ್ಟು ಮಾಡಿ ನಿಲ್ಲಿಸುವವರೇ ಜಾಸ್ತಿ. ದೊಡ್ಡ ನಂಬರ್ ಬಳಸು ಅಂತ ಹೇಳಲು ಸಿವಿ 29ಕ್ಕೂ 32 ಸೇರಬೇಕು, ಅಂದರೆ ಅಲ್ಲಿ 6 ಇದ್ದರೆ 38 ಆಗಬೇಕು. ಇಲ್ಲದಿದ್ದರೆ ಇಂಜಿನ್ ಹಳೆಯ ಚಿಕ್ಕ ನಂಬರಿಗೇ ಓಗೊಡುತ್ತಿರುತ್ತದೆ. ಕಂಟ್ರೋಲರ್‌ನ ಅಡ್ರೆಸ್ ಮೆನುವಿನಿಂದ ಮಾಡಿದರೆ ಬಹುತೇಕ ಇದೆಲ್ಲ ತಾನಾಗೇ ಆಗುತ್ತದೆ.

ಒಂದು ವಿನಂತಿ. ಅಂಗಡಿಗೆ ತರುವ ಮೊದಲು ರೀಸೆಟ್ ಮಾಡಬೇಡಿ. ಸಿವಿ 8ಕ್ಕೆ 8 ಬರೆದರೆ ತುಂಬಾ ಡಿಕೋಡರ್‌ಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುತ್ತವೆ, ಎಲ್ಲವೂ ಅಲ್ಲ. ಜೊತೆಗೆ ನೀವು ಕೂತು ಹೊಂದಿಸಿದ ವೇಗ, ಶಬ್ದ ಎಲ್ಲ ಅಳಿಸಿಹೋಗುತ್ತದೆ. ತೊಂದರೆ ಎಲ್ಲಿತ್ತು ಅನ್ನುವ ಸುಳಿವೂ ಉಳಿಯುವುದಿಲ್ಲ. ಸಿವಿ 8 ಓದಿದರೆ ಸಾಕು, ಯಾವ ಕಂಪನಿಯದ್ದು ಅಂತ ಗೊತ್ತಾಗುತ್ತದೆ. 151 ಬಂದರೆ ಇಎಸ್‌ಯು, 145 ಜಿಮೊ, 129 ಡಿಜಿಟ್ರಾಕ್ಸ್, 99 ಲೆನ್ಜ್. ನಾವು ಓದಿದ ಸಿವಿ ಅಂಕಿಗಳನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಅದನ್ನು ಇಂಜಿನ್ ಡಬ್ಬಿಯಲ್ಲೇ ಇಟ್ಟುಕೊಳ್ಳಿ.

ನಿಜಕ್ಕೂ ಸುಟ್ಟಿದ್ದರೂ ಇಂಜಿನ್ ನೋಡಲೇಬೇಕು. ಡಿಕೋಡರ್ ಇಲ್ಲದೆ ಹಳಿಯ ಕರೆಂಟಿನಿಂದಲೇ ನೇರ ಓಡುವ ಹಳೆಯ ಡಿಸಿ ಇಂಜಿನ್‌ಗಳಲ್ಲಿ ಎಷ್ಟೋ ಸಲ ಮೋಟಾರಿನ ಒಂದು ತುದಿ ಲೋಹದ ಚಾಸಿಗೇ ತಾಗಿರುತ್ತದೆ. ಡಿಕೋಡರ್‌ನ ಕಿತ್ತಳೆ, ಬೂದು ವೈರ್ ಮೋಟಾರಿಗೆ ಮಾತ್ರ ಹೋಗಬೇಕು, ಹಳಿಯ ಕರೆಂಟಿಗೆ ಎಲ್ಲೂ ತಾಗಬಾರದು. ತಾಗಿದರೆ ಹೊಸ ಡಿಕೋಡರ್ ಕೂಡ ಪವರ್ ಹಾಕಿದ ಕ್ಷಣವೇ ಹೋಗಬಹುದು. ಮಲ್ಟಿಮೀಟರ್ ಹಿಡಿದು ಇದನ್ನು ಖಾತ್ರಿ ಮಾಡಿಕೊಂಡೇ ನಾವು ಕೂರಿಸುತ್ತೇವೆ.

ತಪಾಸಣೆಗೆ ದುಡ್ಡಿಲ್ಲ. ವೈರ್ ಬೆಸುಗೆ ಹಾಕುವ ಕೆಲಸ ಇದ್ದರೆ ನಾವು ಮೊದಲೇ ತಿಳಿಸುತ್ತೇವೆ, ನೀವು ಒಪ್ಪಿದ ಮೇಲೆ ಮಾಡುತ್ತೇವೆ. ಬುಧವಾರ, ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ. ಸಾಧ್ಯವಾದರೆ ನಿಮ್ಮ ಕಂಟ್ರೋಲರ್ ಕೂಡ ತನ್ನಿ. ದೂರದವರು ಇಂಜಿನ್ ಕೊರಿಯರ್ ಮಾಡಬಹುದು. ಏನು ಮಾಡಿದಾಗ ಏನಾಯಿತು ಅಂತ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ.

ಇಂತಿ,
ಅಂಗಡಿಯ ಪರವಾಗಿ, ಹಾಸನ